ಅಪೂರ್ವ ನಾಮದ ಔಚಿತ್ಯ

ಎಲ್ಲಿಯೂ ಕೇಳಿಬಾರದ ಶಬ್ದವೊಂದನ್ನು ಕೂಸಿಗೆ ಹೆಸರಾಗಿ ಇಡಬಹುದೆ ಎಂಬ ವಿಚಾರದಲ್ಲಿ ಲೋಕಾಭಿಪ್ರಾಯವು ಎರಡಾಗಿದೆ. ಕುಲದೇವರ ಹೆಸರೂ ಅಜ್ಜಮುತ್ತಜ್ಜರ ಹೆಸರೂ ಇರುವಾಗ ನಗೆಗೀಡಾಗುವ ಹೊಸತೇಕೆಂಬುದು ಒಂದು ಪಕ್ಷ. ಹೊಸ ಜೀವಕ್ಕೆ ಸವೆದ ಹೆಸರೇಕೆಂಬುದು ಇನ್ನೊಂದು. ಈ ಎರಡು ಪಕ್ಷಗಳೂ ಶಬ್ದವನ್ನು ತೂಗಿ ನೋಡುವುವೇ ಹೊರತು, ಅದನ್ನು ಆರಿಸಿದವರು ಯಾರ ಹಿತವನ್ನು ಬಯಸಿ ಆರಿಸಿದರೆಂಬುದನ್ನು ವಿಚಾರಿಸುವುದಿಲ್ಲ.

ಕಲಬುರಗಿ ಜಿಲ್ಲೆಯ ಚಂದಾಪುರದ ಸೀಮೆಯನ್ನೇ ನೋಡೋಣ. ಕನ್ನಡ, ತೆಲುಗು, ಮರಾಠಿ, ದಖನಿಗಳು ಒಂದೇ ಸಂತೆಯಲ್ಲಿ ಕಿವಿಗೆ ಬೀಳುವ ಚಿಂಚೋಳಿ, ಸೇಡಂ, ಚಿತ್ತಾಪುರಗಳ ಈ ನೆಲದಲ್ಲಿ ವಿಚಿತ್ರವೆನಿಸುವ ಹೆಸರುಗಳಿಗೆ ಎಂದೂ ಬರವಿರಲಿಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಮೃತ್ಯುವಿನ ಕಣ್ಣಿಗೆ ಕೂಸು ಬೆಲೆಯಿಲ್ಲದ್ದಾಗಿ ತೋರಲೆಂದು, ಅದನ್ನು ತಿಪ್ಪೆಯ ಮೇಲೆ ಹೊರಳಿಸಿ ಎತ್ತಿಕೊಂಡು ತಿಪ್ಪಣ್ಣನೆಂದು ಕರೆದರು. ಅದೇ ಭಾವದಿಂದ ತೆಲುಗರು ಪೆಂಟಯ್ಯನೆಂದೂ, ಮರಾಠಿಗರು ಕಲ್ಲೆಂಬ ಅರ್ಥದಲ್ಲಿ ದಗಡೂ, ಧೋಂಡೂ ಎಂದೂ ಕರೆದರು. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಭಕ್ತರಿಂದ ಆರಾಧಿತರಾದ ಟೀಕಾಚಾರ್ಯ ಜಯತೀರ್ಥರ ಪೂರ್ವಾಶ್ರಮದ ಹೆಸರು ಧೋಂಡೋಪಂತನೆಂದು ಸಂಪ್ರದಾಯವು ಹೇಳುತ್ತದೆ. ದರ್ಗಾಕ್ಕೆ ಹರಕೆ ಹೊತ್ತು ಪಡೆದ ಮಗನನ್ನು ಫಕೀರಪ್ಪನೆಂದೂ ಹುಸೇನಪ್ಪನೆಂದೂ ಕರೆದ ಹಿಂದೂ ಮನೆತನಗಳು ಈ ಭಾಗದಲ್ಲಿ ಅಪರೂಪವಲ್ಲ. ಪರಸ್ಥಳದವನು ಕೇಳಿ ನಕ್ಕರೂ ಇಡೀ ಊರು ಆ ಹೆಸರಿನ ಹಿಂದಿನ ಅಳಲನ್ನೂ ಹರಕೆಯನ್ನೂ ಬಲ್ಲುದಾದ್ದರಿಂದ, ಹೊತ್ತವನಿಗೆ ಅದು ಭಾರವಾಗಲಿಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನವು ನೆರೆಯ ಮಹಾರಾಷ್ಟ್ರದಲ್ಲಿದೆ. ಗಂಡುಮಗುವಿನ ನಿರೀಕ್ಷೆಯಲ್ಲಿ ಹುಟ್ಟಿದ ಹೆಣ್ಣುಕೂಸಿಗೆ ಬೇಡದವಳೆಂಬ ಅರ್ಥದ ‘ನಕುಶಿ’ ಎಂಬ ಹೆಸರಿಡುವ ಪದ್ಧತಿಯಿದ್ದ ಸಾತಾರಾ ಜಿಲ್ಲೆಯಲ್ಲಿ, 2011ರ ಅಕ್ಟೋಬರದಲ್ಲಿ ಜಿಲ್ಲಾಡಳಿತವೇ ಸಮಾರಂಭವೊಂದನ್ನು ಏರ್ಪಡಿಸಿ 285 ಬಾಲೆಯರಿಗೆ ಹೊಸ ಹೆಸರುಗಳನ್ನು ಕೊಡಿಸಿತು. ಹೆಣ್ಣು ಸಾಕೆಂಬ ಬೇಸರದಿಂದ ನಮ್ಮಲ್ಲಿ ಇಟ್ಟ ಸಾಕವ್ವ ಎಂಬ ಹೆಸರೂ ಅದೇ ಜಾತಿಯದು. ಧೋಂಡೂ ಎಂಬುದೂ ನಕುಶಿ ಎಂಬುದೂ ನಿಂದಾರ್ಥದ ಪದಗಳೇ. ಆದರೆ ಮೊದಲನೆಯದು ಕೂಸು ಬದುಕಲೆಂದು ಇಟ್ಟದ್ದು, ಎರಡನೆಯದು ಅದು ಹುಟ್ಟಿದ್ದಕ್ಕಾಗಿ ಇಟ್ಟದ್ದು.

ಈ ಭೇದವನ್ನು ಹಿಡಿದು ಆಧುನಿಕ ಹೆಸರುಗಳನ್ನು ನೋಡಬೇಕು. ಬಿಡದಿಯ ಬಳಿಯ ಭದ್ರಾಪುರದ ಹಕ್ಕಿಪಿಕ್ಕಿ ಜನರು ಮಕ್ಕಳಿಗೆ ಗೂಗಲ್, ಕಾಫಿ, ಹೈಕೋರ್ಟ್ ಎಂದು ಹೆಸರಿಟ್ಟುದನ್ನು ಪತ್ರಿಕೆಗಳು ವಿನೋದವಾಗಿ ವರ್ಣಿಸಿದುವು. ಕಾಡಿನ ಅಲೆದಾಟದಿಂದ ಊರಿಗೆ ಬಂದು ನೆಲೆನಿಂತ ಸಮುದಾಯವೊಂದು ತನ್ನ ಕಣ್ಣಿಗೆ ಹಿರಿದಾಗಿ ಕಂಡ ವಸ್ತುವಿನ ಹೆಸರನ್ನು ಮಗುವಿಗೆ ಕೊಟ್ಟರೆ ಅದರಲ್ಲಿ ನಗತಕ್ಕದ್ದೇನೂ ಇಲ್ಲ. ಆ ಕೇರಿಯಲ್ಲಿ ಅಂಥ ಹೆಸರುಗಳೇ ವಾಡಿಕೆಯಾದ್ದರಿಂದ ಮಗು ಅಲ್ಲಿ ಒಂಟಿಯೂ ಅಲ್ಲ. ತನ್ನ ಜಾಣ್ಮೆಯನ್ನು ಮೆರೆಯಿಸಲೆಂದು, ಅರ್ಥವೂ ಉಚ್ಚಾರವೂ ನೆಲೆಗೊಳ್ಳದ ಅಕ್ಷರಗಳನ್ನು ಜೋಡಿಸುವ ವಿದ್ಯಾವಂತನ ಮಾತು ಬೇರೆ: ಅಲ್ಲಿ ಮೆಚ್ಚುಗೆ ತಂದೆಗೆ ಸಲ್ಲುತ್ತದೆ, ವಿವರಣೆಯ ಹೊಣೆ ಮಗುವಿಗೆ ಬೀಳುತ್ತದೆ. 2008ರಲ್ಲಿ ನ್ಯೂಜಿಲೆಂಡಿನ ನ್ಯಾಯಾಲಯವೊಂದು, ನಗೆಪಾಟಲಿನ ವಾಕ್ಯವೊಂದನ್ನೇ ಹೆಸರಾಗಿ ಹೊತ್ತಿದ್ದ ಒಂಬತ್ತು ವರ್ಷದ ಬಾಲೆಯನ್ನು, ಹೆಸರು ಬದಲಿಸುವ ಸಲುವಾಗಿಯೇ ತನ್ನ ರಕ್ಷಣೆಗೆ ತೆಗೆದುಕೊಳ್ಳಬೇಕಾಯಿತು.

ಹಾಗೆಂದು ಅನುಮತ ನಾಮಗಳ ಪಟ್ಟಿಯನ್ನು ಸರಕಾರ ಮಾಡಲೆನ್ನುವುದು ಅತಿಯಾದೀತು. ಫ್ರಾನ್ಸಿನಲ್ಲಿ 1803ರಿಂದ 1993ರವರೆಗೆ ಅಂಥ ನಿರ್ಬಂಧವಿತ್ತು. ನಮ್ಮಲ್ಲಿದ್ದರೆ ತಿಪ್ಪಣ್ಣನನ್ನೂ ಹುಸೇನಪ್ಪನನ್ನೂ ಯಾವ ಗುಮಾಸ್ತನು ಒಪ್ಪುತ್ತಿದ್ದನು? 1969ರ ಜನನ ಮರಣಗಳ ನೋಂದಣಿ ಕಾಯಿದೆಯು ಹೆಸರಿಲ್ಲದೆಯೂ ಜನನವನ್ನು ದಾಖಲಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆಯೂ, ತರುವಾಯ ವಿಳಂಬಶುಲ್ಕ ತೆತ್ತು 15 ವರ್ಷಗಳವರೆಗೂ ಹೆಸರು ಸೇರಿಸಲು ಅವಕಾಶವೀಯುತ್ತದೆ. ಸೋದರತ್ತೆಯು ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೇಳಿದ ಹೆಸರನ್ನು ಓಣಿಯ ನಾಲ್ಕು ಮಾತಿನವರೂ ಕರೆಯಬಲ್ಲರೆ ಎಂದು ಪರೀಕ್ಷಿಸಲು ಒಂದು ವರ್ಷ ಧಾರಾಳವಾಗಿ ಸಾಲುತ್ತದೆ. ಪರೀಕ್ಷೆಯಲ್ಲಿ ನಿಂತರೆ ಎಷ್ಟೇ ಅಪೂರ್ವವಾದರೂ ಅದು ದಫ್ತರಕ್ಕೆ ಏರಲಿ. ನಿಲ್ಲದಿದ್ದರೆ ಮನೆಯ ಮುದ್ದಿನ ಹೆಸರಾಗಿಯೇ ಉಳಿಯಲಿ, ಶಾಲೆಗೆ ಬೇರೊಂದು ಬರಲಿ.