ದಾರಿಯ ಲೆಕ್ಕಕ್ಕೆ ಪಾರ್ಸೆಲ್ ತರುವವರನ್ನೂ ಕೇಳಿ



ನಿಮ್ಮ ಮನೆಗೆ ಪಾರ್ಸೆಲ್ ಬರುವ ದಿನವನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಪಾರ್ಸೆಲ್‌ಗಿಂತ ಮೊದಲು ಬರುವುದು ಫೋನ್. "ಲೊಕೇಶನ್ ಇಲ್ಲೇ ತೋರಿಸ್ತಾ ಉಂಟು, ಆದ್ರೆ ಇಲ್ಲಿ ಮನೆಯೇ ಇಲ್ಲ. ಇನ್ನು ಯಾವ ಕಡೆ ಬರ್ಬೇಕು?" ಆಗ ನೀವೋ ಅಮ್ಮನೋ ಹೇಳುತ್ತೀರಿ: "ಭಜನಾ ಮಂದಿರ ದಾಟಿ ಬಲಕ್ಕೆ ಬನ್ನಿ. ಅಂಗನವಾಡಿ ಸಿಗ್ತದೆ. ಅಲ್ಲಿಂದ ಇಳಿಜಾರಿನಲ್ಲಿ ಬಂದ್ರೆ ತೋಡು. ತೋಡಿನ ಆಚೆ ನಮ್ಮ ಮನೆ. ಬೈಕು ಈಚೆಯೇ ಇಡಿ, ಸಂಕದಲ್ಲಿ ಬರೂದಿಲ್ಲ."

ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು, ಕೈಯಲ್ಲಿ ಫೋನ್, ಹಿಂದೆ ಕಂಪನಿಯ ದೊಡ್ಡ ಕಂಪ್ಯೂಟರುಗಳು. ಇಷ್ಟೆಲ್ಲ ಇದ್ದರೂ ಕೊನೆಯ 200 ಮೀಟರಿಗೆ ಬಾಯಿಮಾತೇ ಗತಿ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಆ 200 ಮೀಟರಿನಲ್ಲಿ ಹೋಗುವ ಹೊತ್ತು, ಉರಿಯುವ ಪೆಟ್ರೋಲು, ತಪ್ಪಿಹೋಗುವ ರೇಟಿಂಗು, ಎಲ್ಲವೂ ಆ ಫೋನ್ ಮಾಡಿದವರ ತಲೆಯ ಮೇಲೆ ಬರುತ್ತವೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದಾರಿ ಹುಡುಕುವ ಸಾಫ್ಟ್‌ವೇರ್ ಒಳ್ಳೆಯ ವಿಜ್ಞಾನವೇ. ಆದರೆ ಆ ಲೆಕ್ಕದಲ್ಲಿ ಏನನ್ನು ಕೈಬಿಡಲಾಗಿದೆ ಎಂಬುದು ರಸ್ತೆಯಲ್ಲಿ ಓಡಾಡುವವರಿಗೆ ಮಾತ್ರ ಗೊತ್ತು. ಅವರನ್ನು ಕೇಳದೆ, ಲೆಕ್ಕದ ಉತ್ತರಕ್ಕೆ ಅವರನ್ನು ಹೊಣೆ ಮಾಡುವುದು ಅನ್ಯಾಯ ಮಾತ್ರವಲ್ಲ, ಕೆಟ್ಟ ವಿಜ್ಞಾನ ಕೂಡ.

ಲೆಕ್ಕ ನಿಜಕ್ಕೂ ಕಷ್ಟದ್ದು

ಮೊದಲು ಸಾಫ್ಟ್‌ವೇರಿನ ಪರವಾಗಿ ಎರಡು ಮಾತು. ಒಂದು ಊರಿನಿಂದ ಇನ್ನೊಂದು ಊರಿಗೆ ಅತಿ ಹತ್ತಿರದ ದಾರಿ ಹುಡುಕುವ ಸೊಗಸಾದ ವಿಧಾನವೊಂದನ್ನು ನೆದರ್‌ಲ್ಯಾಂಡ್ಸಿನ ಎಡ್ಸ್‌ಗರ್ ಡೈಕ್‌ಸ್ಟ್ರಾ 1956ರಲ್ಲಿ ಯೋಚಿಸಿದರು. ಆ್ಯಮ್‌ಸ್ಟರ್‌ಡ್ಯಾಮಿನ ಕಾಫಿ ಅಂಗಡಿಯಲ್ಲಿ ಕುಳಿತು, ಪೆನ್ನು ಕಾಗದವಿಲ್ಲದೆ, ಸುಮಾರು 20 ನಿಮಿಷದಲ್ಲಿ ಹೊಳೆದದ್ದು ಎಂದು ಅವರೇ ಹೇಳಿಕೊಂಡಿದ್ದಾರೆ. ಅದು 1959ರಲ್ಲಿ ಪ್ರಕಟವಾಯಿತು. ಇಂದಿನ ನಕ್ಷೆಯ ಆ್ಯಪ್‌ಗಳ ಬೇರಿನಲ್ಲಿ ಈ ಬಗೆಯ ಯೋಚನೆಯೇ ಇದೆ.

ಪಾರ್ಸೆಲ್ ಹಂಚುವವರ ಸಮಸ್ಯೆ ಇದಕ್ಕಿಂತ ಕಠಿಣ. ಅವರು ಒಂದು ಮನೆಗಲ್ಲ, ಹಲವು ಮನೆಗಳಿಗೆ ಹೋಗಬೇಕು. ಯಾವುದು ಮೊದಲು, ಯಾವುದು ನಂತರ? 3 ಮನೆಗಳಾದರೆ 6 ಕ್ರಮಗಳು. 10 ಮನೆಗಳಾದರೆ 10ರಿಂದ 1ರವರೆಗೆ ಗುಣಿಸಿ ನೋಡಿ: 36,28,800 ಕ್ರಮಗಳು. 20 ಮನೆಗಳಾದರೆ ಸುಮಾರು 24ರ ಮುಂದೆ 17 ಸೊನ್ನೆ! ಸೆಕೆಂಡಿಗೆ 100 ಕೋಟಿ ಕ್ರಮಗಳನ್ನು ಪರೀಕ್ಷಿಸುವ ಕಂಪ್ಯೂಟರ್ ಇದ್ದರೂ ಎಲ್ಲವನ್ನೂ ಒಂದೊಂದಾಗಿ ನೋಡಿ ಮುಗಿಸಲು ಸುಮಾರು 77 ವರ್ಷ ಬೇಕು. ನಂಬಿಕೆ ಬರದಿದ್ದರೆ ಕ್ಯಾಲ್ಕುಲೇಟರ್ ತೆಗೆಯಿರಿ.

ಹಾಗಾಗಿ ಸಾಫ್ಟ್‌ವೇರ್‌ಗಳು ಎಲ್ಲ ಕ್ರಮಗಳನ್ನೂ ನೋಡುವುದಿಲ್ಲ. ಜಾಣತನದ ಅಡ್ಡದಾರಿಗಳಿಂದ "ಸಾಕಷ್ಟು ಒಳ್ಳೆಯ" ಉತ್ತರವನ್ನು ಬೇಗ ಹುಡುಕುತ್ತವೆ. 1959ರಲ್ಲೇ ಡಾಂಟ್ಸಿಗ್ ಮತ್ತು ರ‍್ಯಾಮ್ಸರ್ ಎಂಬಿಬ್ಬರು ಪೆಟ್ರೋಲ್ ಹಂಚುವ ಟ್ರಕ್ಕುಗಳ ದಾರಿಯನ್ನು ಗಣಿತದ ಸಮಸ್ಯೆಯಾಗಿ ಬರೆದಿದ್ದರು. ಅಲ್ಲಿಂದ ಇಲ್ಲಿಯವರೆಗೆ ಈ ವಿದ್ಯೆ ತುಂಬಾ ಬೆಳೆದಿದೆ. ಅಮೆರಿಕದ ಯುಪಿಎಸ್ ಕಂಪನಿ 'ಓರಿಯನ್' ಎಂಬ ತನ್ನ ಸಾಫ್ಟ್‌ವೇರಿನಿಂದ ವರ್ಷಕ್ಕೆ ಸುಮಾರು 10 ಕೋಟಿ ಮೈಲಿಗಳಷ್ಟು ಓಡಾಟ ಉಳಿಯುತ್ತದೆ ಎಂದು ಹೇಳಿಕೊಂಡಿದೆ. ಉಳಿದ ಮೈಲಿ ಎಂದರೆ ಉಳಿದ ಇಂಧನ, ಕಡಿಮೆ ಹೊಗೆ. ಒಳ್ಳೆಯದೇ.

"ಘರ್ಷಣೆ ಇಲ್ಲವೆಂದು ಭಾವಿಸಿ"

ನಮ್ಮ ಭೌತಶಾಸ್ತ್ರದ ಲೆಕ್ಕಗಳಲ್ಲಿ ಈ ವಾಕ್ಯ ನೀವು ಓದಿರುತ್ತೀರಿ. ಗಾಳಿಯ ತಡೆ ಇಲ್ಲವೆಂದು ಭಾವಿಸಿ, ಹಗ್ಗಕ್ಕೆ ತೂಕವಿಲ್ಲವೆಂದು ಭಾವಿಸಿ. ತಪ್ಪೇನಿಲ್ಲ, ಸರಳ ಮಾಡದೆ ಲೆಕ್ಕ ಹಾಕಲು ಆಗುವುದಿಲ್ಲ. ಪರೀಕ್ಷೆಯಲ್ಲಿ ಘರ್ಷಣೆಯನ್ನು ಕೈಬಿಟ್ಟರೆ ಯಾರಿಗೂ ನಷ್ಟವಿಲ್ಲ. ಆದರೆ ದಾರಿಯ ಲೆಕ್ಕದಲ್ಲಿ ಕೈಬಿಟ್ಟದ್ದು ದಾರಿಯಲ್ಲಿ ಹಾಗೆಯೇ ಕುಳಿತಿರುತ್ತದೆ. ಅದನ್ನು ಯಾರಾದರೂ ತುಂಬಲೇಬೇಕು. ತುಂಬುವುದು ಬೈಕಿನ ಮೇಲಿರುವವರು.

ನಮ್ಮ ಶಾಲೆಯಲ್ಲಿ ಕಲಿತು ಈಗ ಪಾರ್ಸೆಲ್ ಹಂಚುವ ಒಬ್ಬ ಹುಡುಗ ಮೊನ್ನೆ ಸಿಕ್ಕಿದಾಗ ಹೇಳಿದ: "ಟೀಚರ್, ಮ್ಯಾಪಿನಲ್ಲಿ ಎರಡು ಮನೆ ಹತ್ತಿರ ಹತ್ತಿರ ಕಾಣ್ತದೆ. ಹೋಗಿ ನೋಡಿದ್ರೆ ಮಧ್ಯದಲ್ಲಿ ತೋಡು. ಬೇಸಿಗೆಯಲ್ಲಿ ದಾಟಬಹುದು, ಮಳೆಗಾಲದಲ್ಲಿ ಎಂತ ಮಾಡೂದು? ಸುತ್ತಿ ಬಂದು ತಡ ಆದ್ರೆ ಅದು ನನ್ನ ಲೆಕ್ಕಕ್ಕೆ. ಸಂಜೆ ಗೇಟು ಹಾಕಿದ ಮನೆಯವರು ಫೋನ್ ತೆಗೀದಿದ್ರೆ ಅದೂ ನನ್ನ ಲೆಕ್ಕಕ್ಕೆ."

ಅವನ ಮಾತನ್ನು ಲೆಕ್ಕದ ಭಾಷೆಗೆ ತಿರುಗಿಸೋಣ. ಎರಡು ಮನೆಗಳ ನಡುವೆ ನೇರ ಗೆರೆ ಎಳೆದರೆ 300 ಮೀಟರ್, ಸೇತುವೆ ಇರುವಲ್ಲಿಗೆ ಹೋಗಿ ಬಂದರೆ 4 ಕಿ.ಮೀ. ಎಂದು ಇಟ್ಟುಕೊಳ್ಳಿ. ಸಾಫ್ಟ್‌ವೇರಿನ ನಕ್ಷೆಯಲ್ಲಿ ಸಂಕವನ್ನು ರಸ್ತೆ ಎಂದು ಗುರುತಿಸಿದ್ದರೆ ಉತ್ತರದಲ್ಲಿ 13 ಪಟ್ಟು ತಪ್ಪು. ಗಣಿತ ಸರಿಯಾಗಿಯೇ ಇದೆ. ಅದಕ್ಕೆ ಕೊಟ್ಟ ಮಾಹಿತಿ ತಪ್ಪು.

ಗಡಿನಾಡಿನ ನಮಗೆ ಇಂಥ ಉದಾಹರಣೆಗಳಿಗೆ ಬರಗಾಲವೇ ಇಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಹೆಚ್ಚು ಮಳೆ. ಮೇ ತಿಂಗಳ ರಸ್ತೆ ಜುಲೈಯಲ್ಲಿ ರಸ್ತೆಯಾಗಿ ಉಳಿದಿರುವುದಿಲ್ಲ. ತಾಳವಾಡಿಯ ಮಕ್ಕಳಿಗೆ ದಿಂಬಂ ಘಾಟಿಯ 27 ಕಡಿದಾದ ತಿರುವುಗಳು ಗೊತ್ತು. ನೇರ ಗೆರೆಗೂ ಘಾಟಿಯ ರಸ್ತೆಗೂ ಎಷ್ಟು ಅಂತರ ಎಂದು ಅವರಿಗೆ ಹೇಳಿಕೊಡಬೇಕಿಲ್ಲ. ವಯನಾಡಿನ ಮಕ್ಕಳಿಗೆ ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ ಎಂದು ಗೊತ್ತು. ಅಂದರೆ ದಾರಿ ಎಂಬುದು ಜಾಗವನ್ನು ಮಾತ್ರವಲ್ಲ, ಹೊತ್ತನ್ನೂ ಅವಲಂಬಿಸುತ್ತದೆ.

ಇನ್ನು ಹೆಸರುಗಳ ಕಥೆ. ನಾವು ಮಂಜೇಶ್ವರ ಎನ್ನುತ್ತೇವೆ, ಫಲಕದಲ್ಲಿ ಮಂಜೇಶ್ವರಂ. ನಮಗೆ ಕುಂಬಳೆ, ಇಂಗ್ಲಿಷಿನಲ್ಲಿ ಕುಂಬ್ಳ. ಅಕ್ಕಲಕೋಟೆಯ ಗೆಳೆಯರಿಗೆ ಸೊಲ್ಲಾಪುರ, ನಕ್ಷೆಯಲ್ಲಿ ಸೋಲಾಪುರ. ದೊಡ್ಡ ಊರಾದರೆ ಹೇಗೋ ಹೊಂದಿಸಿಕೊಳ್ಳಬಹುದು. ಮನೆಗೆ ನಂಬರಿಗಿಂತ ಹೆಸರೇ ಮುಖ್ಯವಾದ, ಒಂದೇ ಹೆಸರಿನ ನಾಲ್ಕು ಮನೆಗಳಿರುವ ಹಳ್ಳಿಯಲ್ಲಿ? ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದು, ಅದನ್ನು ಮಲಯಾಳ ಮಾತಾಡುವ ಚಾಲಕ ಓದುವಾಗ ವಿಳಾಸವೇ ಬದಲಾಗಿರುತ್ತದೆ.

3 ನಿಮಿಷದ ಬೆಲೆ

ಕಂಪನಿಯ ನಿಯಮಗಳು ಸೇರಿಕೊಂಡಾಗ ಈ ಸಣ್ಣ ತಪ್ಪುಗಳು ಅಪಾಯಕಾರಿಯಾಗುತ್ತವೆ. ಹೋಟೆಲಿನಲ್ಲಿ ಊಟ ತಯಾರಾಗಲು 15 ನಿಮಿಷ ಕಾದರೂ ಆ ಕಾಯುವಿಕೆಗೆ ಸರಿಯಾದ ಸಂಬಳವಿಲ್ಲ, ಆದರೆ ತಲುಪಿಸುವುದು ತಡವಾದರೆ ರೇಟಿಂಗ್ ಕಡಿಮೆ, ರೇಟಿಂಗ್ ಕಡಿಮೆಯಾದರೆ ಕೆಲಸವೇ ಕಡಿಮೆ ಎಂದು ಅನೇಕ ಚಾಲಕರು ದೂರುತ್ತಾರೆ. ಆಗ ಕಳೆದ ಹೊತ್ತನ್ನು ಎಲ್ಲಿಂದ ತರುವುದು? ಆಕ್ಸಿಲರೇಟರಿನಿಂದ.

ಒಂದು ಸರಳ ಲೆಕ್ಕ ಮಾಡೋಣ. ದಾರಿ 3 ಕಿ.ಮೀ. ಗಂಟೆಗೆ 30 ಕಿ.ಮೀ. ವೇಗದಲ್ಲಿ 6 ನಿಮಿಷ ಬೇಕು. 60ರ ವೇಗದಲ್ಲಿ 3 ನಿಮಿಷ. ಉಳಿದದ್ದು 3 ನಿಮಿಷ. ಈಗ ಇದಕ್ಕೆ ಕೊಟ್ಟ ಬೆಲೆ ನೋಡಿ. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ, ಹಾಗಾಗಿ ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಒಣ ರಸ್ತೆಯಲ್ಲಿ ಘರ್ಷಣಾಂಕ 0.7 ಎಂದು ಹಿಡಿದರೆ, ಬ್ರೇಕ್ ಹಾಕಿದ ಮೇಲೆ 30ರ ವೇಗದ ಬೈಕು ಸುಮಾರು 5 ಮೀಟರಿನಲ್ಲಿ ನಿಲ್ಲುತ್ತದೆ. 60ರ ಬೈಕಿಗೆ ಸುಮಾರು 20 ಮೀಟರ್ ಬೇಕು. ಅಪಾಯ ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು ಸೇರಿಸಿ. ಮೊದಲನೆಯದು ಒಟ್ಟು 13 ಮೀಟರ್, ಎರಡನೆಯದು 37 ಮೀಟರ್. ಮಳೆಗೆ ರಸ್ತೆ ಒದ್ದೆಯಾಗಿದ್ದರೆ ಎರಡೂ ಇನ್ನಷ್ಟು ಉದ್ದ.

ಆ 24 ಮೀಟರಿನ ವ್ಯತ್ಯಾಸದಲ್ಲಿ ಶಾಲೆ ಬಿಟ್ಟು ರಸ್ತೆ ದಾಟುವ ನೀವೂ ಇರಬಹುದು. ಬಿರಿಯಾನಿ 3 ನಿಮಿಷ ಬೇಗ ಬರಬೇಕೆಂದು ಇಷ್ಟು ಬೆಲೆ ಕೊಡಬೇಕೇ? "ನಾವು ವೇಗವಾಗಿ ಓಡಿಸಿ ಎಂದು ಹೇಳುವುದಿಲ್ಲ" ಎಂದು ಕಂಪನಿಗಳು ಹೇಳಬಹುದು. ಬಾಯಿಂದ ಹೇಳಬೇಕಾಗಿಲ್ಲವಲ್ಲ, ಗಡಿಯಾರವೇ ಹೇಳುತ್ತದೆ.

ಚಾಲಕರ ಬುದ್ಧಿಯೂ ಜ್ಞಾನವೇ

"ಎಲ್ಲ ಚಾಲಕರೂ ತಮಗೆ ಬೇಕಾದ ಹಾಗೆ ಹೋದರೆ ವ್ಯವಸ್ಥೆ ಎಂತಕ್ಕೆ?" ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹೊಸಬನಿಗೆ ಊರು ಗೊತ್ತಿರುವುದಿಲ್ಲ, ಅವನಿಗೆ ಸಾಫ್ಟ್‌ವೇರ್ ದೊಡ್ಡ ಆಸರೆ. ಚಾಲಕರ ಅಂದಾಜೂ ತಪ್ಪಬಹುದು.

ಆದರೆ ಇಲ್ಲೊಂದು ಸಂಗತಿ ಗಮನಿಸಿ. 2021ರಲ್ಲಿ ಅಮೆಜಾನ್ ಕಂಪನಿಯೂ ಎಂಐಟಿ ವಿಶ್ವವಿದ್ಯಾಲಯದ ಒಂದು ಕೇಂದ್ರವೂ ಸೇರಿ ಸಂಶೋಧಕರಿಗೆ ಒಂದು ಸ್ಪರ್ಧೆ ನಡೆಸಿದವು. ಅದರಲ್ಲಿ ಕೇಳಿದ್ದು ಅತಿ ಗಿಡ್ಡ ದಾರಿಯನ್ನಲ್ಲ. ಅನುಭವಿ ಚಾಲಕರು ನಿಜವಾಗಿ ಹೋದ ಸಾವಿರಾರು ದಾರಿಗಳ ಮಾಹಿತಿ ಕೊಟ್ಟು, "ಅವರಂತೆ ದಾರಿ ಆರಿಸುವುದನ್ನು ಕಂಪ್ಯೂಟರಿಗೆ ಕಲಿಸಿ" ಎಂದರು. ಯಾಕೆಂದರೆ ಚಾಲಕರು ಯೋಜಿಸಿದ ಕ್ರಮವನ್ನು ಬಿಟ್ಟು ಬೇರೆ ಕ್ರಮದಲ್ಲಿ ಹೋಗುವುದಕ್ಕೆ ಕಾರಣಗಳಿರುತ್ತವೆ. ಎಲ್ಲಿ ಗಾಡಿ ನಿಲ್ಲಿಸಬಹುದು, ಯಾವ ಹೊತ್ತಿಗೆ ಯಾವ ರಸ್ತೆಯಲ್ಲಿ ದಟ್ಟಣೆ, ಯಾವ ಗಿರಾಕಿ ಯಾವಾಗ ಸಿಗುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಅಂದರೆ ಜಗತ್ತಿನ ದೊಡ್ಡ ಕಂಪನಿಯೊಂದೇ ಚಾಲಕರ ತಿಳಿವಳಿಕೆಯನ್ನು ಬೆಲೆಯುಳ್ಳ ದತ್ತಾಂಶ ಎಂದು ಒಪ್ಪಿಕೊಂಡ ಹಾಗಾಯಿತು. ಹಾಗಿದ್ದ ಮೇಲೆ ಅದೇ ತಿಳಿವಳಿಕೆಯಿಂದ ದಾರಿ ಬದಲಿಸಿದ ಚಾಲಕನಿಗೆ ದಂಡ ಯಾಕೆ? ಕಲಿಯುವಾಗ ಅವನು ಗುರು, ಸಂಬಳ ಕೊಡುವಾಗ ತಪ್ಪಿತಸ್ಥ. ಇದು ಹೊಂದುವುದಿಲ್ಲ.

ಏನು ಬದಲಾಗಬೇಕು?

ಇದು ಕೆಲವೇ ಜನರ ಮಾತಲ್ಲ. ನೀತಿ ಆಯೋಗದ 2022ರ ವರದಿಯಂತೆ 2020-21ರಲ್ಲಿ ದೇಶದಲ್ಲಿ ಸುಮಾರು 77 ಲಕ್ಷ ಗಿಗ್ ಕಾರ್ಮಿಕರಿದ್ದರು. 2029-30ಕ್ಕೆ ಅದು 2.35 ಕೋಟಿ ಆಗಬಹುದು ಎಂಬುದು ಅದರ ಅಂದಾಜು. ಪಾರ್ಸೆಲ್, ಊಟ ಹಂಚುವವರೂ ಇದರಲ್ಲಿ ಸೇರುತ್ತಾರೆ. ರಾಜಸ್ಥಾನ 2023ರಲ್ಲಿ, ಕರ್ನಾಟಕ 2025ರಲ್ಲಿ ಇವರಿಗಾಗಿ ಕಾನೂನು ತಂದವು. ಆ್ಯಪ್‌ನ ಸ್ವಯಂಚಾಲಿತ ತೀರ್ಮಾನಗಳು ಕೆಲಸದ ಮೇಲೆ ಹೇಗೆ ಪರಿಣಾಮ ಬೀರುತ್ತವೆ ಎಂದು ಕಾರ್ಮಿಕರಿಗೆ ತಿಳಿಸಬೇಕೆಂಬ ಮಾತು ಕರ್ನಾಟಕದ ಕಾನೂನಿನಲ್ಲಿದೆ. ಒಳ್ಳೆಯ ಹೆಜ್ಜೆ. ಆದರೆ ತಲಪಾಡಿ ದಾಟಿ ಈಚೆ ಬಂದರೆ ಆ ಕಾನೂನು ನಮಗಿಲ್ಲ. ಗಡಿ ದಾಟದೆ ನಿಲ್ಲುವುದು ಕಾನೂನು ಮಾತ್ರ, ಆ್ಯಪ್ ಆರಾಮವಾಗಿ ದಾಟುತ್ತದೆ.

ನನ್ನ ಪ್ರಕಾರ ಮೂರು ಬದಲಾವಣೆ ಬೇಕು. ಒಂದು, "ನಕ್ಷೆ ತಪ್ಪು" ಎಂದು ಚಾಲಕ ಒಂದು ಗುಂಡಿ ಒತ್ತಿ ಹೇಳುವಂತಿರಬೇಕು, ಹೇಳಿದ್ದು ಲೆಕ್ಕಕ್ಕೆ ಸೇರಬೇಕು. ಎರಡು, ದೂರದ ಹಣವನ್ನು ನಿಜವಾಗಿ ಓಡಿದ ರಸ್ತೆಗೆ ಕೊಡಬೇಕು, ಕಾಯುವ ಹೊತ್ತಿಗೂ ಕೊಡಬೇಕು. ಮೂರು, ತಡವಾದದ್ದಕ್ಕೆ ಕಾರಣ ಕೇಳದೆ ದಂಡ ಹಾಕಬಾರದು. ಪ್ರಯೋಗದಲ್ಲಿ ಉತ್ತರ ತಪ್ಪಿ ಬಂದರೆ ನಾವು ಮೊದಲು ಉಪಕರಣವನ್ನು ಪರೀಕ್ಷಿಸುತ್ತೇವೆ, ಹುಡುಗನಿಗೆ ಬೈಯುವುದಿಲ್ಲ. ಅದೇ ನಿಯಮ ಇಲ್ಲಿಯೂ ಇರಲಿ.

ನಿಮಗೊಂದು ಕೆಲಸ

ಇಷ್ಟು ಓದಿದ ಮೇಲೆ ಸುಮ್ಮನೆ ಕೂರಬೇಡಿ. ನಾಲ್ಕೈದು ಜನರ ಗುಂಪು ಮಾಡಿ. ಶಾಲೆಯಿಂದ ಒಂದು ಕಿ.ಮೀ. ಸುತ್ತಳತೆಯ ದಾರಿಗಳನ್ನು ಕಾಗದದ ಮೇಲೆ ಬಿಡಿಸಿ. ಆಮೇಲೆ ಫೋನಿನ ನಕ್ಷೆಯೊಡನೆ ಹೋಲಿಸಿ. ಸಂಕ, ಕಾಲುದಾರಿ, ಮಳೆಗಾಲದಲ್ಲಿ ಮುಳುಗುವ ಜಾಗ, ರೈಲ್ವೆ ಗೇಟು, ಬೈಕು ಹತ್ತದ ಏರು, ಇವುಗಳಲ್ಲಿ ಎಷ್ಟು ನಕ್ಷೆಯಲ್ಲಿವೆ? ನೇರ ದೂರ ಎಷ್ಟು, ನಡೆದು ಅಳೆದರೆ ಎಷ್ಟು? ಎರಡರ ಅನುಪಾತ ಬರೆಯಿರಿ.

ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಕೆಲವು ದೊಡ್ಡ ಕಂಪನಿಗಳೂ ಅದನ್ನು ಬಳಸುತ್ತವೆ. ನಿಮ್ಮ ಶಿಕ್ಷಕರ ಜೊತೆ ಕುಳಿತು ಊರಿನ ರಸ್ತೆ, ತೋಡು, ಸಾರ್ವಜನಿಕ ಸ್ಥಳಗಳ ಹೆಸರುಗಳನ್ನು ಅದರಲ್ಲಿ ಕನ್ನಡದಲ್ಲಿಯೂ ಸೇರಿಸಬಹುದು. ಯಾರ ಮನೆಯ ಖಾಸಗಿ ವಿವರವನ್ನೂ ಹಾಕಬೇಡಿ.

ಮುಂದಿನ ಬಾರಿ ಪಾರ್ಸೆಲ್ ತರುವ ಅಣ್ಣ ಬಂದಾಗ ಒಂದು ಲೋಟ ನೀರು ಕೊಡಿ. ಅವರಿಗೆ ಪುರುಸೊತ್ತಿದ್ದರೆ ಮಾತ್ರ ಕೇಳಿ: "ಅಣ್ಣಾ, ನಮ್ಮೂರಿನ ಮ್ಯಾಪಿನಲ್ಲಿ ಎಲ್ಲೆಲ್ಲಿ ತಪ್ಪುಂಟು?" ಅವರು ಹೇಳುವುದನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ನಿಮ್ಮಲ್ಲಿ ಕೆಲವರು ಮುಂದೆ ಇಂಥ ಸಾಫ್ಟ್‌ವೇರ್ ಬರೆಯುವವರಾಗಬಹುದು, ಕೆಲವರು ಆ ಬೈಕಿನ ಮೇಲೆ ಇರುವವರಾಗಬಹುದು. ಆ ಪುಸ್ತಕ ಇಬ್ಬರಿಗೂ ಬೇಕಾಗುತ್ತದೆ.