ಹೇಸಿಗೆ ರೂಪದ ಕೇಕು, ಚೆಂದದ ಬಣ್ಣದ ಅಪಾಯ

ಎರೆಹುಳು ಹರಿದಾಡುವ ಕೆಸರಿನಂತೆ, ಕಪ್ಪೆ ಮೊಟ್ಟೆಯಂತೆ, ಹಸಿ ಗಾಯದಂತೆ ಕಾಣುವ ಸಿಹಿತಿಂಡಿಯನ್ನು ಹುಟ್ಟುಹಬ್ಬದ ಮೇಜಿನ ಮೇಲಿಟ್ಟು ಮಕ್ಕಳನ್ನು ಕಿರುಚಿಸುವ ಆಟ ಮೊಬೈಲ್ ವಿಡಿಯೊಗಳಲ್ಲಿ ತುಂಬಿಕೊಂಡಿದೆ. ಚಾಮರಾಜನಗರ, ಗುಂಡ್ಲುಪೇಟೆಯ ಮಕ್ಕಳೂ ಅದೇ ವಿಡಿಯೊ ನೋಡುತ್ತಾರೆ, ಅಂಥದ್ದೇ ಬೇಕೆಂದು ಹಟ ಹಿಡಿಯುತ್ತಾರೆ. ಮನೆಯ ಹಿರಿಯರು ಮೂಗು ಮುರಿಯುವುದು ಸಹಜ. ಆದರೆ ಆತಂಕ ಪಡಬೇಕಾದದ್ದು ಈ ಹೇಸಿಗೆಯ ಬಗ್ಗೆ ಅಲ್ಲ. ನಮ್ಮ ಮಕ್ಕಳ ಹೊಟ್ಟೆಗೆ ನಿಜವಾದ ಅಪಾಯ ತಂದಿರುವುದು ಕಣ್ಣಿಗೆ ಚೆಂದ ಕಾಣುವ ತಿಂಡಿಗಳು. ಕೊಳಕಾಗಿ ಕಾಣುವ ಸಿಹಿಯನ್ನು ಬಣ್ಣದ ಬಾಟಲಿ ಮುಟ್ಟದೆಯೇ ಮಾಡಬಹುದು, ಅದಕ್ಕೆ ಬೇಕಾದ ಸಾಮಗ್ರಿ ಬಹುಪಾಲು ಈ ಜಿಲ್ಲೆಯ ಹೊಲದಲ್ಲೇ ಇದೆ.

ಕಳೆದ ಕೆಲವು ವರ್ಷಗಳ ದಾಖಲೆ ನೋಡಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಬಣ್ಣ ಹಾಕಿದ ಬೊಂಬಾಯಿ ಮಿಠಾಯಿಯನ್ನೂ, ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನೂ ನಿಷೇಧಿಸಿತು. ಪರೀಕ್ಷೆಗೆ ಒಳಪಡಿಸಿದ್ದ 25 ಬೊಂಬಾಯಿ ಮಿಠಾಯಿ ಮಾದರಿಗಳಲ್ಲಿ 15 ಅಸುರಕ್ಷಿತವಾಗಿದ್ದವು, 171 ಗೋಬಿ ಮಾದರಿಗಳಲ್ಲಿ 107. ಮಿಠಾಯಿಯ ಆ ಮುದ್ದಾದ ಗುಲಾಬಿ ಬಣ್ಣಕ್ಕೆ ಕಾರಣ ರೊಡಮೈನ್-ಬಿ, ಬಟ್ಟೆಗೆ ಬಳಸುವ ಬಣ್ಣ. ಅದೇ ವರ್ಷ ಕೇಕುಗಳ ಸರದಿ ಬಂತು: 235 ಮಾದರಿಗಳಲ್ಲಿ 12ರಲ್ಲಿ ಕೃತಕ ಬಣ್ಣ ಮಿತಿಮೀರಿತ್ತು. ಆಹಾರ ಸುರಕ್ಷತಾ ಇಲಾಖೆ ಮುಖ್ಯವಾಗಿ ಬೊಟ್ಟು ಮಾಡಿದ್ದು ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಕೇಕುಗಳತ್ತ. ಕಡು ಕಂದು ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬುವಂತಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ. ಇನ್ನು ಬಾಯಿಂದ ಹೊಗೆ ಬರಿಸುವ ಬಿಸ್ಕೆಟ್ಟು. ದಾವಣಗೆರೆಯಲ್ಲಿ ಅದನ್ನು ತಿಂದ ಬಾಲಕನೊಬ್ಬ ನೋವಿನಿಂದ ಒದ್ದಾಡಿದ್ದನ್ನು ಇಡೀ ದೇಶ ವಿಡಿಯೊದಲ್ಲಿ ನೋಡಿತು. ಮೈನಸ್ 196 ಡಿಗ್ರಿಯಲ್ಲಿ ಕುದಿಯುವ ದ್ರವ ಸಾರಜನಕವನ್ನು ತಿಂಡಿಗೆ ಸುರಿದು ಕೊಡುವುದನ್ನು ಆಮೇಲೆ ಸರ್ಕಾರ ತಡೆಯಿತು. ಇವುಗಳಲ್ಲಿ ಒಂದಾದರೂ ಅಸಹ್ಯ ಹುಟ್ಟಿಸುವಂತಿತ್ತೇ? ಎಲ್ಲವೂ ಮಕ್ಕಳು ಕೈಚಾಚಿ ಕೇಳುವಂಥವೇ.

ಕೊಳಕಿನ ಬಣ್ಣ ಯಾವುದು? ಮಣ್ಣು, ಕೆಸರು, ಸಗಣಿ, ಹುಳು, ಹಳೆಯ ರಕ್ತ: ಹೆಚ್ಚಿನವು ಕಂದು ಛಾಯೆಗಳೇ. ರಾಗಿ ಮತ್ತು ಬೆಲ್ಲ ತಾವಾಗಿಯೇ ಕೊಡುವ ಬಣ್ಣವೂ ಅದೇ. ರಾಗಿ ಹಾಲುಬಾಯಿಯನ್ನು ಚೌಕಾಕಾರ ಕತ್ತರಿಸದೆ ತಟ್ಟೆಯಲ್ಲಿ ಒಡ್ಡೊಡ್ಡಾಗಿ ಹರಡಿದರೆ ಅದು ಕೆರೆಯಂಗಳದ ಕೆಸರು. ಬೆಲ್ಲದ ಪಾಕದಲ್ಲಿ ಅದ್ದಿದ ಒತ್ತು ಶಾವಿಗೆಯನ್ನು ಮೇಲೆ ಬಿಟ್ಟರೆ ಹುಳುವಿನ ರಾಶಿ. ಬೆಂದ ಸಬ್ಬಕ್ಕಿ, ನೆನೆದ ಕಾಮಕಸ್ತೂರಿ ಬೀಜ ಕಪ್ಪೆ ಮೊಟ್ಟೆಗೆ ಏನೂ ಕಡಿಮೆಯಿಲ್ಲ. ಸುಲಿದ ತಾಟಿನಿಂಗು ಕಣ್ಣುಗುಡ್ಡೆಯಾಗಲು ಒಂದು ಒಣದ್ರಾಕ್ಷಿ ಸಾಕು. ಗಾಯಕ್ಕೆ ಬೀಟ್‌ರೂಟ್ ಇದೆ; ಒಲೆಯ ಶಾಖಕ್ಕೆ ಅದರ ಕೆಂಪು ಮಂಕಾಗುತ್ತದೆ, ಆದ್ದರಿಂದ ರಸವನ್ನು ಸಕ್ಕರೆ ಪಾಕಕ್ಕೆ ಬೆರೆಸಿ ಕೊನೆಯಲ್ಲಿ ಸುರಿಯಬೇಕು. ಅರಿಶಿನದ್ದಂತೂ ಇನ್ನೂ ಸೊಗಸು. ಸುಣ್ಣ ತಾಗಿದ ಅರಿಶಿನ ಕೆಂಪಾಗುವುದು ಓಕುಳಿ ನೀರು ಕಲಸುವ ಪ್ರತಿ ಮನೆಗೂ ಗೊತ್ತು. ಹಿಟ್ಟಿನಲ್ಲಿ ಹುಳಿ ಕಡಿಮೆ ಇದ್ದು ಅಡುಗೆ ಸೋಡಾ ಸ್ವಲ್ಪ ಮುಂದಾದರೆ ಹಳದಿ ಕೇಕಿನೊಳಗೂ ಅದೇ ನಡೆದು ಕೆಂಗಂದು ಕಲೆಗಳು ಮೂಡುತ್ತವೆ. ಬೇಕರಿಯವರು ತಪ್ಪೆಂದು ಎಸೆಯುವ ಆ ಕಲೆಯೇ ಇಲ್ಲಿ ಬೇಕಾದದ್ದು. ಚಾಮರಾಜನಗರ ಅರಿಶಿನ ಬೆಳೆಯುವ ಜಿಲ್ಲೆ. ಗುಂಡ್ಲುಪೇಟೆಯ ರೈತರು ಬಣ್ಣ ತೆಗೆಯುವ ಕಾರ್ಖಾನೆಗಳಿಗಾಗಿಯೇ ಎಕರೆಗಟ್ಟಲೆ ಚೆಂಡು ಹೂ ಬೆಳೆಯುತ್ತಾರೆ. ಬಣ್ಣವನ್ನೇ ಬೆಳೆಯುವ ತಾಲ್ಲೂಕಿನ ಮಗುವಿನ ಕೇಕಿಗೆ ಎಲ್ಲಿಂದಲೋ ಬಂದ ಬಾಟಲಿಯ ಟಾರ್ಟ್ರಜೀನ್ ಎಂಬ ಕೃತಕ ಹಳದಿ ಯಾಕೆ ಬೀಳಬೇಕು? (ಅರಿಶಿನದ ಪುಡಿಗೂ ಸೀಸದ ಕ್ರೋಮೇಟ್ ಕಲಬೆರಕೆಯ ಕಾಟವುಂಟು, ಕೊಂಬು ತಂದು ಮಿಲ್ಲಿನಲ್ಲಿ ಪುಡಿ ಮಾಡಿಸಿಕೊಳ್ಳುವುದೇ ಮೇಲು.)

ಶುಭದ ದಿನ ಇಂಥ ಹೇಸಿಗೆ ಬೇಡ, ಇದು ನಮ್ಮ ಸಂಸ್ಕೃತಿಯಲ್ಲ ಎನ್ನುವವರಿದ್ದಾರೆ. ಚಾಮರಾಜನಗರದಿಂದ ಗಡಿ ದಾಟಿದರೆ ಈರೋಡು ಜಿಲ್ಲೆಯ ತಾಳವಾಡಿ ಸೀಮೆಯಲ್ಲಿ ಗುಮಟಾಪುರವಿದೆ, ಕನ್ನಡ ಮಾತಾಡುವ ಊರು. ದೀಪಾವಳಿಯ ಬೆನ್ನಿಗೇ ಅಲ್ಲಿ ಗೋರೆ ಹಬ್ಬ. ಮನೆಮನೆಯ ಕೊಟ್ಟಿಗೆಯ ಸಗಣಿಯನ್ನು ಬೀರೇಶ್ವರನ ಗುಡಿಯ ಬಳಿ ರಾಶಿ ಹಾಕಿ, ಉಂಡೆ ಕಟ್ಟಿ, ಒಬ್ಬರ ಮೇಲೊಬ್ಬರು ಎರಚಾಡುತ್ತಾರೆ. ಬೇರೆ ಊರಿನವರು ಮುಖ ಸಿಂಡರಿಸುವುದನ್ನೇ ಊರಿಗೆ ಊರೇ ಭಕ್ತಿಯಿಂದ, ನಗುನಗುತ್ತ ಮೈಗೆ ಮೆತ್ತಿಕೊಳ್ಳುತ್ತದೆ. ಅವರಿಗೆ ಅದು ಹೇಸಿಗೆಯಲ್ಲ, ಪವಿತ್ರ ಎಂಬುದು ನಿಜ. ಹಾಗಾದರೆ ಹೇಸಿಗೆ ಎನ್ನುವುದು ವಸ್ತುವಿನಲ್ಲಿಲ್ಲ, ನೋಡುವವರ ರೂಢಿಯಲ್ಲಿದೆ ಎಂದಾಯಿತು. ಅನ್ನಕ್ಕೆ ಅವಮಾನವಾಯಿತು ಎಂಬ ಮಾತು ಇದಕ್ಕಿಂತ ಭಾರವಾದದ್ದು, ಮಳೆ ಕೈಕೊಡುವ ಸೀಮೆಯಲ್ಲಿ ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ಅವಮಾನವಾಗುವುದು ತಿನ್ನದೆ ಎಸೆದಾಗ. ಹುಟ್ಟುಹಬ್ಬದ ಹುಡುಗನ ಮುಖಕ್ಕೆ ಕೇಕು ಮೆತ್ತಿ, ಅರ್ಧವನ್ನು ನೆಲದ ಪಾಲು ಮಾಡುವ ಈಗಿನ ಪದ್ಧತಿಯೇ ನನಗೆ ಹೆಚ್ಚು ಕೊಳಕಾಗಿ ಕಾಣುತ್ತದೆ. ಕೆಸರಿನಂತೆ ಕಂಡರೂ ಹಾಲುಬಾಯಿ ಕೊನೆಯ ತುಣುಕಿನವರೆಗೆ ಹೊಟ್ಟೆ ಸೇರುತ್ತದೆ.

ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚುವ ಆಕ್ಷೇಪ ಬೇರೆಯದು. ಅಸಹ್ಯವೆಂಬುದು ದೇಹದ ಕಾವಲು. ಅದನ್ನು ಮೀರಿ ತಿನ್ನಲು ಮಕ್ಕಳಿಗೆ ಕಲಿಸಬಹುದೇ? ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇಲ್ಲಿ ನೆರವಿಗೆ ಬರುತ್ತವೆ. ನಾಯಿಯ ಹೇಲಿನ ಆಕಾರದಲ್ಲಿ ಮಾಡಿದ ಚಾಕೊಲೇಟ್ ಮಿಠಾಯಿಯನ್ನು, ಅದು ಶುದ್ಧ ಮಿಠಾಯಿ ಎಂದು ತಿಳಿದಿದ್ದೂ ದೊಡ್ಡವರು ತಿನ್ನಲು ಹಿಂಜರಿದರು. ತೀರ ಚಿಕ್ಕ ಮಕ್ಕಳಲ್ಲಿ ಬಹುಪಾಲು ಅಂಥದ್ದನ್ನು ಯೋಚಿಸದೆ ಬಾಯಿಗಿಟ್ಟವು. ಅಂದರೆ ಮೂರು ವರ್ಷದೊಳಗಿನ ಮಗುವಿನಲ್ಲಿ ಆ ಕಾವಲು ಇನ್ನೂ ಎದ್ದು ನಿಂತಿಲ್ಲ. ಆ ವಯಸ್ಸಿನವರ ಮುಂದೆ ಈ ಆಟ ಬೇಡವೇ ಬೇಡ. ಒಣದ್ರಾಕ್ಷಿಯಿಟ್ಟ ಇಡೀ ಕಣ್ಣುಗುಡ್ಡೆ ಅವರ ಗಂಟಲಿಗೂ ಅಪಾಯ. ಶಾಲೆಗೆ ಹೋಗುವ ಮಗು ಹಾಗಲ್ಲ, ಅದಕ್ಕೆ ರೂಪ ಬೇರೆ ರುಚಿ ಬೇರೆ ಎಂದು ಗೊತ್ತು.

ಈ ಜಿಲ್ಲೆಯಲ್ಲಿ ಈ ಮಾತನ್ನು ಸುಳ್ವಾಡಿ ನೆನೆಯದೆ ಮುಗಿಸಲಾಗದು. 2018ರ ಡಿಸೆಂಬರ್ 14ರಂದು ಅಲ್ಲಿನ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆಸಿದ ಪ್ರಸಾದ ತಿಂದು 17 ಮಂದಿ ಸತ್ತರು. ಅಲ್ಲಿ ವಿಷ ಬಂದದ್ದು ಎಲ್ಲರೂ ನಂಬಿ ಕೈಯೊಡ್ಡುವ ಪ್ರಸಾದದ ರೂಪದಲ್ಲಿ. ಅದಕ್ಕಾಗಿಯೇ ಈ ಸಿಹಿತಿಂಡಿಗಳಿಗೆ ಒಂದು ಕಟ್ಟುಪಾಡು ಬೇಕು: ಒಳಗೇನಿದೆ ಎಂದು ತಿನ್ನುವ ಮುನ್ನವೇ ಹೇಳಬೇಕು, ಮೋಸ ಮಾಡಿ ತಿನ್ನಿಸಬಾರದು, ಬೇಡ ಎಂದ ಮಗುವನ್ನು ಗೇಲಿ ಮಾಡಬಾರದು. ಶಾವಿಗೆ ಒತ್ತುವಾಗ, ಬೀಟ್‌ರೂಟ್ ತುರಿಯುವಾಗ ಮಕ್ಕಳನ್ನೇ ಜೊತೆಗೆ ಕೂರಿಸಿಕೊಂಡರೆ ಹೇಳುವ ಪ್ರಮೇಯವೂ ಬರುವುದಿಲ್ಲ.

ಬೇಕರಿಯವರದೂ ಒಂದು ಸಮಜಾಯಿಷಿ ಇದೆ: ಗಿರಾಕಿಗೆ ಹೊಳೆಯುವ ಕೆಂಪೇ ಬೇಕು, ಬೀಟ್‌ರೂಟಿನ ಬಣ್ಣ ಎರಡು ದಿನವೂ ನಿಲ್ಲುವುದಿಲ್ಲ. ಸರಿಯಾದ ಮಾತು. ಆದರೆ ಕೆಸರಿಗೆ, ಹಳೆಯ ಗಾಯಕ್ಕೆ ಹೊಳಪು ಬೇಕಿಲ್ಲ, ಮಂಕಾದಷ್ಟೂ ಅದು ನಿಜವೆನಿಸುತ್ತದೆ. ದೇಶದ ನಿಯಮ ತಿಂಡಿಗಳಿಗೆ ಒಪ್ಪಿರುವ ಕೃತಕ ಬಣ್ಣಗಳು ಎಂಟೇ, ಅವಕ್ಕೂ ಪ್ರಮಾಣದ ಮಿತಿಯಿದೆ. ಅಳತೆಯಿಲ್ಲದೆ ಬಾಟಲಿ ಬಗ್ಗಿಸುವಲ್ಲಿ ಆ ಮಿತಿ ಉಳಿಯುವುದಿಲ್ಲ. ಆರ್ಡರ್ ಕೊಡುವವರು ಬಣ್ಣ ಯಾವುದು ಎಂದು ಕೇಳಲಿ, ರಾಗಿ ಮತ್ತು ಬೆಲ್ಲದಲ್ಲಿ ಮಾಡಿಕೊಡಿ ಎನ್ನಲಿ. ಹತ್ತು ಮನೆಯವರು ಹಾಗೆ ಕೇಳಿದರೆ ಗುಂಡ್ಲುಪೇಟೆಯ ಬೇಕರಿಗಳ ಗಾಜಿನ ಪೆಟ್ಟಿಗೆಯಲ್ಲಿ ಕೆಸರಿನ ಕೇಕೂ ಜಾಗ ಪಡೆಯುತ್ತದೆ.