ಸಾಲ ತೀರಿಸುವ ಆತುರ

ನಾಗಪುರದ ದಕ್ಷಿಣಕ್ಕೆ, ವರ್ಧಾ ರಸ್ತೆಯ ಆಸುಪಾಸಿನಲ್ಲಿ, ಮನೀಷ್ ನಗರ, ಬೇಸಾ ಕಡೆ ಎದ್ದಿರುವ ಫ್ಲ್ಯಾಟುಗಳಲ್ಲಿ ಅನೇಕವು ಎರಡು ಸಂಬಳ ನಂಬಿ ಕೊಂಡವು. ಗಂಡನದು ರೈಲ್ವೆಯೋ ಬ್ಯಾಂಕೋ, ಹೆಂಡತಿಯದು ಶಾಲೆಯೋ ಮಿಹಾನ್‌ನ ಯಾವುದೋ ಕಂಪನಿಯೋ. ಕರ್ನಾಟಕದಿಂದ ವರ್ಗವಾಗಿ ಹೋಗಿ ಅಲ್ಲೇ ಬೇರೂರಿದ ಸಂಸಾರಗಳ ಲೆಕ್ಕವೂ ಇದೇ. ಇಬ್ಬರ ಸಹಿ ಬಿದ್ದದ್ದರಿಂದಲೇ ಬ್ಯಾಂಕು ಅಷ್ಟು ದೊಡ್ಡ ಸಾಲ ಕೊಟ್ಟಿರುತ್ತದೆ. ಆ ಇಬ್ಬರು ಬೇರೆಯಾದ ತಿಂಗಳಿನಿಂದ ಸಂಬಳಗಳು ಎರಡು ಮನೆಗೆ ಹಂಚಿಹೋಗುತ್ತವೆ. ಹೊರಗೆ ಹೋದವರಿಗೆ ಬಾಡಿಗೆ, ಒಳಗೆ ಉಳಿದವರಿಗೆ ಸೊಸೈಟಿಯ ಮೇಂಟೆನೆನ್ಸ್, ಮಗುವಿನ ಫೀಸು. ಕಂತು ಮಾತ್ರ ಮೊದಲಿನಷ್ಟೇ, ಮೊದಲಿನ ತಾರೀಕಿಗೇ.

ಇಂಥ ಹೊತ್ತಿನಲ್ಲಿ ಕೈಗೆ ಒಂದು ಗಂಟು ಬರುವುದುಂಟು. ಜಂಟಿ ಎಫ್‌ಡಿ ಮುರಿದು ಬಂದ ಅರ್ಧ ಪಾಲು, ಪಿಎಫ್‌ನಿಂದ ತೆಗೆದದ್ದು, ತವರಿನವರು ಇಟ್ಟುಕೋ ಎಂದು ಕೊಟ್ಟದ್ದು. ಮೂರೋ ನಾಲ್ಕೋ ಲಕ್ಷ. ಇದನ್ನೇನು ಮಾಡಲಿ ಎಂದು ಕೇಳಿದರೆ ಊರಿನಿಂದ ಫೋನಿನಲ್ಲಿ ಬರುವ ಉತ್ತರ ಒಂದೇ: ಮೊದಲು ಸಾಲದ ಭಾರ ಇಳಿಸಿಕೊಳ್ಳವ್ವ, ಉಳಿದದ್ದು ಆಮೇಲೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಕೇಳಿ ಬೆಳೆದ ಮನಸ್ಸಿಗೆ ಸಾಲವೇ ಒಂದು ಅವಮಾನ. ಸಂಸಾರವೂ ಮುರಿದ ಮೇಲೆ ಎರಡೆರಡು ಅವಮಾನ ಯಾಕೆ ಎನಿಸುವುದು ಸಹಜ. ಸಲಹೆ ಕೊಡುವವರದು ಒಳ್ಳೆಯ ಮನಸ್ಸು. ಆದರೆ ಬೇರೆಯಾದ ಮೊದಲ ಒಂದೆರಡು ವರ್ಷಕ್ಕೆ ಇದು ತಪ್ಪು ಸಲಹೆ.

ಲೆಕ್ಕ ಮೇಲ್ನೋಟಕ್ಕೆ ಹಿರಿಯರ ಪರವಾಗಿಯೇ ಇದೆ. 30 ಲಕ್ಷ ಸಾಲ ಬಾಕಿ, ಶೇ. 8.5 ಬಡ್ಡಿ, ಇನ್ನೂ 20 ವರ್ಷ ಅವಧಿ ಎಂದುಕೊಂಡರೆ ಕಂತು ತಿಂಗಳಿಗೆ ಸುಮಾರು 26,035 ರೂಪಾಯಿ. ಇವತ್ತು 4 ಲಕ್ಷವನ್ನು ಅಸಲಿಗೆ ಕಟ್ಟಿ ಕಂತನ್ನು ಹಾಗೆಯೇ ಮುಂದುವರಿಸಿದರೆ 240 ತಿಂಗಳ ಸಾಲ ಸುಮಾರು 174 ತಿಂಗಳಿಗೆ ಮುಗಿಯುತ್ತದೆ. ಉಳಿಯುವ ಬಡ್ಡಿ 13 ಲಕ್ಷದ ಹತ್ತಿರ. ಬಡ್ಡಿದರ ಬದಲಾಗುತ್ತಿರುವ, ಅಂದರೆ ಫ್ಲೋಟಿಂಗ್ ದರದ ಮನೆಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಇಷ್ಟೆಲ್ಲ ಇದ್ದ ಮೇಲೆ ಕಟ್ಟದಿರುವವರೇ ದಡ್ಡರು ಎಂದು ಕಾಣುತ್ತದೆ.

ಆದರೆ ಆ 13 ಲಕ್ಷ ಕೈಗೆ ಸಿಗುವುದು ಹದಿನಾಲ್ಕೂವರೆ ವರ್ಷದ ನಂತರ, ಕಟ್ಟಬೇಕಾಗಿದ್ದ ಕಂತುಗಳು ಕಟ್ಟದೆ ಉಳಿಯುವ ರೂಪದಲ್ಲಿ. ಮುಂದಿನ ತಿಂಗಳು ಕಟ್ಟಬೇಕಾದದ್ದು ಅದೇ 26,035. ಬಹಳ ಮಂದಿಗೆ ಗೊತ್ತಿಲ್ಲದ ಮಾತೊಂದಿದೆ: ಹೀಗೆ ಕಟ್ಟಿದ ನಾಲ್ಕು ಲಕ್ಷವನ್ನು ಬ್ಯಾಂಕು ಮುಂದಿನ ಕಂತುಗಳ ಮುಂಗಡವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಅಸಲಿಗೆ ಜಮಾ ಆಗಿ ಮುಗಿಯಿತು. ಮಾರ್ಚಿನಲ್ಲಿ ನಾಲ್ಕು ಲಕ್ಷ ಕಟ್ಟಿದವರಿಗೆ ಜೂನಿನಲ್ಲಿ ಕೆಲಸ ಹೋದರೆ ಜುಲೈ ಕಂತು ತಪ್ಪಿದ್ದು ತಪ್ಪಿದ್ದೇ. ಬಾಕಿ 90 ದಿನ ದಾಟಿದರೆ ಸಾಲ ವಸೂಲಾಗದ ಸಾಲವಾಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯ ಪ್ರಕಾರ 60 ದಿನಗಳ ನೋಟಿಸ್ ಮನೆಗೆ ಬರಬಹುದು. ಅದೇ ನಾಲ್ಕು ಲಕ್ಷ ಎಫ್‌ಡಿಯಲ್ಲಿದ್ದಿದ್ದರೆ ಒಂದು ಪೈಸೆ ಸಂಬಳ ಬರದಿದ್ದರೂ 15 ಕಂತು ಕಟ್ಟಬಹುದಿತ್ತು.

ಹಾಗೆ ಎಫ್‌ಡಿಯಲ್ಲಿ ಇಡುವುದಕ್ಕೂ ಖರ್ಚಿದೆ, ಇಲ್ಲವೆನ್ನುವುದು ಬೇಡ. ಎಫ್‌ಡಿಗೆ ಶೇ. 6.5 ಬಡ್ಡಿ ಬಂದು ಅದರಲ್ಲಿ ಐದನೇ ಒಂದು ಭಾಗ ತೆರಿಗೆಗೆ ಹೋದರೆ ಉಳಿಯುವುದು 5.2. ಸಾಲದ ಬಡ್ಡಿಗೂ ಇದಕ್ಕೂ ಅಂತರ 3.3. ನಾಲ್ಕು ಲಕ್ಷಕ್ಕೆ ವರ್ಷಕ್ಕೆ 13,200, ತಿಂಗಳಿಗೆ 1,100 ರೂಪಾಯಿ. ಒಂಟಿ ಸಂಬಳದ ಮನೆಗೆ ಇದು ವಿಮೆಯ ಕಂತಿದ್ದ ಹಾಗೆ. ಹಣವೆಲ್ಲ ಸಾಲಕ್ಕೆ ಹೋಗಿ, ಆಸ್ಪತ್ರೆಯ ಬಿಲ್ಲಿಗೆ ಕ್ರೆಡಿಟ್ ಕಾರ್ಡ್ ಉಜ್ಜುವ ಗತಿ ಬಂದರೆ ಅಲ್ಲಿನ ಬಡ್ಡಿ ತಿಂಗಳಿಗೇ ಮೂರು, ಮೂರೂವರೆ. ಎಂಟೂವರೆಯ ಸಾಲ ಇಳಿಸಲು ಹೋಗಿ ನಲವತ್ತರ ಸಾಲ ಹತ್ತಿಸಿಕೊಂಡಂತೆ.

ಆಪತ್ತು ಎಂದರೆ ಕೆಲಸ ಹೋಗುವುದೊಂದೇ ಅಲ್ಲ. 2023ರ ಸೆಪ್ಟೆಂಬರ್ 23ರ ನಸುಕಿನಲ್ಲಿ ನಾಗಪುರದಲ್ಲಿ ಕೆಲವೇ ಗಂಟೆಗಳಲ್ಲಿ 100 ಮಿಲಿಮೀಟರಿಗೂ ಮೀರಿ ಮಳೆ ಸುರಿಯಿತು. ಅಂಬಾಝರಿ ಕೆರೆ ಕೋಡಿ ಹರಿದು, ನಾಗ ನದಿ ಉಕ್ಕಿ, ಕೆಳಗಿನ ಬಡಾವಣೆಗಳಲ್ಲಿ ಮಲಗಿದ್ದವರ ಮಂಚದವರೆಗೆ ನೀರು ಬಂತು. ಫ್ರಿಡ್ಜು, ಹಾಸಿಗೆ, ಸ್ಕೂಟರು, ಮಕ್ಕಳ ಪುಸ್ತಕ ಎಲ್ಲ ಕೆಸರು. ಸರ್ಕಾರ ಪ್ರಕಟಿಸಿದ ತುರ್ತು ನೆರವು ಒಂದು ಕುಟುಂಬಕ್ಕೆ 10,000 ರೂಪಾಯಿ. ಆ ವಾರ ಯಾರ ಸಾಲದ ಪಾಸ್‌ಬುಕ್ಕಿನಲ್ಲಿ ಅಸಲು ಎಷ್ಟು ಇಳಿದಿದೆ ಎನ್ನುವುದು ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ಗೋಡೆ ಒರೆಸಿ, ವೈರಿಂಗ್ ಬದಲಿಸಿ, ಒಲೆ ಹೊತ್ತಿಸಲು ಬೇಕಾಗಿದ್ದದ್ದು ಅವತ್ತೇ ತೆಗೆಯಬಹುದಾದ ಹಣ.

ಇದೇ ಊರಿನಲ್ಲಿ ಇನ್ನೂ ದೊಡ್ಡ ಉದಾಹರಣೆಯೊಂದಿದೆ. ರಿಸರ್ವ್ ಬ್ಯಾಂಕ್ ದೇಶದೊಳಗೆ ಇಟ್ಟಿರುವ ಚಿನ್ನ ಇರುವುದು ಮುಂಬೈ ಮತ್ತು ನಾಗಪುರದ ಭದ್ರ ಕೋಣೆಗಳಲ್ಲಿ. ಭಾರತ ಸಾಲಗಾರ ದೇಶ. ವರ್ಷ ವರ್ಷವೂ ಬಡ್ಡಿ ಕಟ್ಟುತ್ತದೆ. ಚಿನ್ನ ಮಾರಿ ಒಂದಿಷ್ಟು ಸಾಲ ತೀರಿಸಬಾರದೇ ಎಂದು ಯಾರೂ ಕೇಳುವುದಿಲ್ಲ, ಯಾಕೆಂದರೆ 1991 ಇನ್ನೂ ನೆನಪಿದೆ. ಆಗ ವಿದೇಶಿ ವಿನಿಮಯ ಎರಡು ಮೂರು ವಾರದ ಆಮದಿಗೆ ಆಗುವಷ್ಟೇ ಉಳಿದಿತ್ತು. ಜುಲೈನಲ್ಲಿ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗೆ ಅಡವಿಟ್ಟು 40 ಕೋಟಿ ಡಾಲರಿನಷ್ಟು ತಂದರು. ದೇಶಕ್ಕೆಲ್ಲ ಅದು ನಾಚಿಕೆಯಾಗಿ ಕಂಡಿತು. ಆದರೆ ಅಡವಿಡಲು ಚಿನ್ನ ಇತ್ತು ಎನ್ನುವುದೇ ಅವತ್ತಿನ ಪುಣ್ಯ. ದೇಶ ತನ್ನ ಆಪದ್ಧನವನ್ನು ಇಷ್ಟು ತಿಂಗಳ ಆಮದು ಎಂದು ಅಳೆಯುತ್ತದೆ. ಒಬ್ಬಳೇ ದುಡಿಯುವ ತಾಯಿಯೂ ಹಾಗೆಯೇ ಅಳೆಯಬೇಕು: ಕಂತು, ಬಾಡಿಗೆ, ಫೀಸು, ಔಷಧಿ, ದಿನಸಿ ಸೇರಿ ಇಷ್ಟು ತಿಂಗಳು. ಎಲ್ಲರಿಗೂ ಹೇಳುವ ಮೂರು ತಿಂಗಳು ಇಲ್ಲಿ ಸಾಲದು. ಆರು ತಿಂಗಳದ್ದು ಕೈಯಲ್ಲಿರಬೇಕು. ಕೋರ್ಟಿನಲ್ಲಿ ಪ್ರಕರಣ ನಡೆಯುತ್ತಿದ್ದರೆ ಇನ್ನೂ ಹೆಚ್ಚು.

ಚಿನ್ನದ ಮಾತು ಬಂದ ಮೇಲೆ ಮನೆಯ ಚಿನ್ನವನ್ನೂ ಹೇಳಬೇಕು. ಹೆಣ್ಣುಮಕ್ಕಳ ಹಳೆಯ ಆಪದ್ಧನ ಅದೇ. ಬಳೆ ತೆಗೆದುಕೊಂಡು ಹೋದರೆ ಅರ್ಧ ದಿನದಲ್ಲಿ ಸಾಲ ಸಿಗುತ್ತದೆ. ಸ್ತ್ರೀಧನ ಹೆಂಡತಿಯದೇ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1985ರ ಪ್ರತಿಭಾ ರಾಣಿ ಪ್ರಕರಣದಲ್ಲೇ ಸ್ಪಷ್ಟವಾಗಿ ಹೇಳಿದೆ. ಆದರೆ ಕಾಯ್ದೆಯಲ್ಲಿ ತನ್ನದಾಗಿರುವುದಕ್ಕೂ ಕೈಯಲ್ಲಿ ಇರುವುದಕ್ಕೂ ಅಂತರವಿದೆ. ಅತ್ತೆಯ ಬೀರುವಿನಲ್ಲೋ ಜಂಟಿ ಲಾಕರಿನಲ್ಲೋ ಇರುವ ಸರವನ್ನು ಆಪದ್ಧನದ ಲೆಕ್ಕಕ್ಕೆ ಸೇರಿಸಬಾರದು. ಅದು ಗೆಲ್ಲಬೇಕಾದ ವ್ಯಾಜ್ಯ, ಉಳಿತಾಯವಲ್ಲ.

ಸಾಲಕ್ಕೆ ಹೆಚ್ಚು ಕಟ್ಟಬೇಡಿ ಎನ್ನಲು ಇದೆಲ್ಲಕ್ಕಿಂತ ಗಟ್ಟಿ ಕಾರಣ ಇನ್ನೊಂದಿದೆ. ಆ ಮನೆ ಕೊನೆಗೆ ಯಾರದಾಗುತ್ತದೆ ಎಂದು ಇನ್ನೂ ತೀರ್ಮಾನವಾಗಿಲ್ಲ. ಗೋವಾ ಬಿಟ್ಟರೆ ಭಾರತದಲ್ಲಿ ಮದುವೆಯಾದ ಮಾತ್ರಕ್ಕೆ ಆಸ್ತಿ ಅರ್ಧರ್ಧ ಆಗುವುದಿಲ್ಲ. ಕ್ರಯಪತ್ರದಲ್ಲಿ ಯಾರ ಹೆಸರಿದೆ, ಹಣ ಯಾರದು ಎಂಬ ಮಾತು ಬರುತ್ತದೆ. ಕ್ರಯಪತ್ರ ಗಂಡನ ಹೆಸರಿನಲ್ಲಿ, ಸಾಲದಲ್ಲಿ ಇಬ್ಬರ ಸಹಿ ಎನ್ನುವಂಥ ಮನೆಗಳಿವೆ. ಅಲ್ಲಿ ಹೆಂಡತಿ ತವರಿನ ಹಣ ತಂದು ಅಸಲು ಇಳಿಸಿದರೆ ಮೊದಲು ಹಗುರಾಗುವುದು ಗಂಡನ ಆಸ್ತಿಯ ಮೇಲಿನ ಭಾರ. ಇಬ್ಬರ ಹೆಸರಿನ ಮನೆಯಾದರೂ, ಒಬ್ಬರು ಕಟ್ಟಿದ ಹೆಚ್ಚುವರಿ ಹಣ ಇಬ್ಬರ ಪಾಲಿಗೂ ಹಂಚಿಹೋಗುತ್ತದೆ. ತಾನೇ ಕಟ್ಟಿದ್ದೆಂದು ಆಮೇಲೆ ದಾಖಲೆ ಹಿಡಿದು ವಾದಿಸಬೇಕು. ಇತ್ತ ಬ್ಯಾಂಕಿಗೆ ಇಬ್ಬರೂ ಪೂರ್ತಿ ಸಾಲಕ್ಕೆ ಹೊಣೆ. ಮನೆ ಅವಳಿಗೆ, ಕಂತು ಅವನಿಗೆ ಎಂದು ತಮ್ಮೊಳಗೆ ಬರೆದುಕೊಂಡ ಒಪ್ಪಂದ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಅವನು ಕಟ್ಟದಿದ್ದರೆ ಅವಳ ಸಿಬಿಲ್ ಅಂಕವೂ ಇಳಿಯುತ್ತದೆ. ಒಬ್ಬರ ಹೆಸರು ತೆಗೆಯಬೇಕೆಂದರೆ ಉಳಿದವರ ಒಂಟಿ ಸಂಬಳ ಈ ಸಾಲಕ್ಕೆ ಸಾಲುತ್ತದೆಯೇ ಎಂದು ಬ್ಯಾಂಕು ಹೊಸದಾಗಿ ನೋಡುತ್ತದೆ.

ಇತ್ಯರ್ಥಕ್ಕೆ ಸಮಯವೂ ಹಿಡಿಯುತ್ತದೆ. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಇಬ್ಬರೂ ಒಪ್ಪಿ ಬೇರೆಯಾಗಲು ಒಂದು ವರ್ಷ ಪ್ರತ್ಯೇಕವಾಗಿ ಬಾಳಿರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ನ್ಯಾಯಾಲಯ ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೆ ಎಲ್ಲರಿಗೂ ಅದು ಸಿಗುವುದಿಲ್ಲ. ಒಪ್ಪಿಗೆಯಿದ್ದರೂ ಒಂದೂವರೆ ವರ್ಷ. ಮೇಲಿನ ಲೆಕ್ಕದಲ್ಲಿ 18 ಕಂತು ಅಂದರೆ 4 ಲಕ್ಷದ 68 ಸಾವಿರ. ಜಗಳವಿದ್ದರೆ ನಾಗಪುರದ ಕೌಟುಂಬಿಕ ನ್ಯಾಯಾಲಯದಿಂದ ಹೈಕೋರ್ಟ್ ಪೀಠದವರೆಗೆ ವರ್ಷಗಳೇ ಹೋಗಬಹುದು. ಅಷ್ಟೂ ಕಾಲ ವಕೀಲರ ಫೀಸು ಬೇಕು. ಕೈ ಬರಿದಾದವರು ಮೊದಲು ಬಂದ ಒಪ್ಪಂದಕ್ಕೆ ತಲೆ ಅಲ್ಲಾಡಿಸುತ್ತಾರೆ. ಆಪದ್ಧನ ಉಳಿಸಿಕೊಡುವುದು ಮನೆಯನ್ನಷ್ಟೇ ಅಲ್ಲ, ಒಪ್ಪಲಾರೆ ಎನ್ನುವ ಧೈರ್ಯವನ್ನೂ.

ಬ್ಯಾಂಕಿನಲ್ಲಿ ಹಣ ಕಂಡರೆ ಜೀವನಾಂಶದ ಲೆಕ್ಕ ಕೆಡುತ್ತದೆಂದು ಆತುರಾತುರವಾಗಿ ಸಾಲಕ್ಕೆ ಸುರಿಯುವವರಿದ್ದಾರೆ. ಅದೂ ನಡೆಯದು. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲ, ಬ್ಯಾಂಕ್ ಖಾತೆಗಳ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು.

ಎದುರು ವಾದವೊಂದು ನಿಜವಾಗಿಯೂ ತೂಕದ್ದು. ಸಾಲಕ್ಕೆ ಕಟ್ಟಿದ ಹಣ ಖರ್ಚಾಗುವುದಿಲ್ಲ; ಎಫ್‌ಡಿಯದು ಕರಗುತ್ತದೆ. ತಮ್ಮನ ಮದುವೆ, ಅಪ್ಪನಿಲ್ಲದ ಮಗುವಿಗೆ ದೊಡ್ಡ ಹುಟ್ಟುಹಬ್ಬ, ನಾಲ್ಕು ಲಕ್ಷ ಇದೆಯೆಂದು ಗೊತ್ತಾದ ನೆಂಟರು. ಒಂಟಿಯಾದವರ ಹಣಕ್ಕೆ ಕೈ ಚಾಚುವವರು ಹೆಚ್ಚು. ಇದಕ್ಕೆ ಮದ್ದು ಸಾಲದ ಖಾತೆಯಲ್ಲ, ಗುಟ್ಟು. ಸಂಬಳ ಬರುವ ಬ್ಯಾಂಕು ಬಿಟ್ಟು ಬೇರೆ ಬ್ಯಾಂಕಿನಲ್ಲಿ, ಒಬ್ಬರದೇ ಹೆಸರಿನಲ್ಲಿ, ನಾಮಿನಿ ಬದಲಿಸಿ, ಐವತ್ತು ಐವತ್ತು ಸಾವಿರದ ತುಂಡು ಎಫ್‌ಡಿ ಮಾಡಿದರೆ ಒಂದನ್ನು ಮುರಿದರೂ ಉಳಿದವು ಉಳಿಯುತ್ತವೆ. ಅರ್ಧ ಶೇಕಡಾ ಹೆಚ್ಚು ಬಡ್ಡಿಯ ಆಸೆಗೆ ಸಿಕ್ಕಸಿಕ್ಕ ಸಹಕಾರಿ ಸಂಘದಲ್ಲಿ ಇಡಬಾರದು. ಠೇವಣಿ ವಿಮೆ 5 ಲಕ್ಷದವರೆಗೆ ಇರುವುದು ಬ್ಯಾಂಕುಗಳಿಗೆ, ಪತ್ತಿನ ಸಂಘಗಳಿಗಲ್ಲ. ಎಸ್‌ಬಿಐನ ಮ್ಯಾಕ್ಸ್‌ಗೇನ್‌ನಂಥ ಓವರ್‌ಡ್ರಾಫ್ಟ್ ಮನೆಸಾಲದಲ್ಲಿ ಹೆಚ್ಚುವರಿ ಹಣ ಬಡ್ಡಿಯನ್ನೂ ಇಳಿಸುತ್ತದೆ, ಬೇಕಾದಾಗ ವಾಪಸ್ಸೂ ಬರುತ್ತದೆ. ಆದರೆ ಖಾತೆ ಇಬ್ಬರದಾಗಿದ್ದರೆ ತೆಗೆಯುವ ಹಕ್ಕು ಇನ್ನೊಬ್ಬರಿಗೂ ಇದೆಯೇ ಎಂದು ಮೊದಲು ಕೇಳಿ ತಿಳಿಯಬೇಕು.

ಮನೆ ಒಬ್ಬರ ಹೆಸರಿಗೆ ಬಂದು, ಸಾಲವೂ ಅವರೊಬ್ಬರದೇ ಆಗಿ, ಆರು ತಿಂಗಳ ಹಣವೂ ಬೇರೆ ಇದ್ದಾಗ ಸಾಲಕ್ಕೆ ಹೆಚ್ಚು ಕಟ್ಟುವ ಕಾಲ ಬಂತು. ಹೆಸರು ಬದಲಿಸುವುದರಲ್ಲೂ ತಾರೀಕು ನೋಡಬೇಕು: ಮಹಾರಾಷ್ಟ್ರದಲ್ಲಿ ಗಂಡ ಹೆಂಡತಿಗೋ ಹೆಂಡತಿ ಗಂಡನಿಗೋ ವಾಸದ ಮನೆಯನ್ನು ದಾನಪತ್ರದಲ್ಲಿ ಕೊಟ್ಟರೆ ಮುದ್ರಾಂಕ ಶುಲ್ಕ 200 ರೂಪಾಯಿ, ಸ್ಥಳೀಯ ಸೆಸ್ ಬೇರೆ. ಡಿಕ್ರಿ ಆದ ಮರುದಿನ ಅವರು ಗಂಡ ಹೆಂಡತಿಯಲ್ಲ. ಅಡಮಾನದ ಮನೆಗೆ ಬ್ಯಾಂಕಿನ ಒಪ್ಪಿಗೆ ಬೇಕೇ ಬೇಕು, ಆದ್ದರಿಂದ ವಕೀಲರನ್ನೂ ಬ್ಯಾಂಕಿನವರನ್ನೂ ಡಿಕ್ರಿಗೆ ಮೊದಲೇ ಕೂರಿಸಿ ಮಾತಾಡಬೇಕು. ಆಮೇಲೆ ಕಟ್ಟುವಾಗಲೂ ಬ್ಯಾಂಕಿಗೆ ಒಂದು ಮಾತು ಬರೆದುಕೊಡಬೇಕು. ಏನೂ ಹೇಳದಿದ್ದರೆ ಸಾಮಾನ್ಯವಾಗಿ ಅವಧಿ ಇಳಿಸುತ್ತಾರೆ, ಕೇಳಿದರೆ ಕಂತು ಇಳಿಸುತ್ತಾರೆ. ಅದೇ 4 ಲಕ್ಷಕ್ಕೆ 20 ವರ್ಷದ ಅವಧಿ ಹಾಗೇ ಇಟ್ಟುಕೊಂಡರೆ ಕಂತು 26,035ರಿಂದ 22,563ಕ್ಕೆ ಇಳಿಯುತ್ತದೆ. ಬಡ್ಡಿಯ ಉಳಿತಾಯ ಕಡಿಮೆ; ಆದರೆ ತಿಂಗಳಿಗೆ 3,472 ರೂಪಾಯಿ ಮುಂದಿನ ತಿಂಗಳಿನಿಂದಲೇ ಕೈಯಲ್ಲಿ ಉಳಿಯುತ್ತದೆ.